ಕಾರ್ಡ್ ಇದೆ, ಡ್ರೈವರ್ ಇಲ್ಲ

ವಿಜಯನಗರ ಮೆಟ್ರೊ ಇಳಿದು ಮಾರೇನಹಳ್ಳಿ ಒಳಗೆ ಬನ್ನಿ. ನವೆಂಬರಿನ ಒಂದು ಶನಿವಾರ, ಸಂಜೆ ಏಳು ದಾಟಿದೆ. ಕ್ರಾಸಿನ ಮೂಲೆಯಲ್ಲಿ ರಾಜ್ಯೋತ್ಸವದ ಪೆಂಡಾಲ್ ಇನ್ನೂ ಬಿಚ್ಚಿಲ್ಲ. ಅರಿಶಿನ–ಕುಂಕುಮದ ಬಾವುಟ ಮಳೆಗೆ ನೆನೆದು ಕಂಬಕ್ಕೆ ಅಂಟಿಕೊಂಡಿದೆ. ಬಾಗಿಲುಗಳ ಮುಂದೆ ಕಾರ್ತಿಕದ ದೀಪ. ಎದುರಿನಿಂದ ಆಟೊ ಬಂದರೆ ನೀವು ಯಾರದಾದರೂ ಮನೆ ಜಗುಲಿ ಹತ್ತಿ ನಿಲ್ಲಬೇಕು, ರಸ್ತೆ ಅಷ್ಟೇ ಅಗಲ. ಇದೇ ಮನೆ, ನಮ್ಮಕ್ಕನದು. ಪಕ್ಕದ ಮೆಟ್ಟಿಲು ಹತ್ತಿ, ಚಪ್ಪಲಿ ಹೊರಗೆ ಬಿಡಿ.

ಒಳಕೋಣೆಯಿಂದ ಗುಂಯ್ ಅನ್ನುವ ಸದ್ದು ಕೇಳುತ್ತಿದೆಯಲ್ಲ, ಅದು ಕಂಪ್ಯೂಟರಿನ ಫ್ಯಾನು. ಸುಮ್ಮನೆ ಡೆಸ್ಕ್‌ಟಾಪ್ ತೋರಿಸಿಕೊಂಡು ಕೂತ ಯಂತ್ರ ಹೀಗೆ ಏದುಸಿರು ಬಿಡಬಾರದು. ಅಕ್ಕನ ಹಳೆಯ ಹೊಲಿಗೆ ಮಷಿನ್ನಿನ ಮೇಜಿನ ಮೇಲೆ ಮಾನಿಟರ್ ಇದೆ, ಕೆಳಗೆ ಸಿಪಿಯು ಡಬ್ಬ. ಅದರ ಮುಂದೆ ಅಳಿಯ, ಡಿಪ್ಲೊಮಾ ಎರಡನೇ ವರ್ಷದ ಹುಡುಗ, ಮೌಸ್ ಹಿಡಿದುಕೊಂಡು ಕಿಟಕಿಯೊಂದನ್ನು ಎಳೆದು ತೋರಿಸುತ್ತಿದ್ದಾನೆ. ಅವನ ಕೈ ನಿಂತ ಮೇಲೂ ಕಿಟಕಿ ತೆವಳುತ್ತಲೇ ಇದೆ. ಅಕ್ಷರಗಳೆಲ್ಲ ಅಡ್ಡಕ್ಕೆ ಹಿಗ್ಗಿ ದಪ್ಪಗೆ ಕಾಣುತ್ತಿವೆ. ಮೇಲೆ ಬಲಮೂಲೆಯಲ್ಲಿ ಒಂದು ಸಣ್ಣ ಚೀಟಿಯಂಥ ಸೂಚನೆ ಬಂದು ಕೂತಿದೆ: ಸಾಫ್ಟ್‌ವೇರ್ ರೆಂಡರಿಂಗ್ ಮೋಡ್.

"ನೋಡು ಮಾಮ, ಕಾರ್ಡೇ ಹಾಳಾಗಿದೆ ಅನ್ಸುತ್ತೆ. ಎಸ್.ಪಿ. ರೋಡಲ್ಲಿ ಮೋಸ ಮಾಡ್ಬಿಟ್ರು."

"ಇರೋ, ಕಾರ್ಡಿನ ಮೇಲೆ ಆಮೇಲೆ ಹೇಳೋಣ. ಆ ಸೂಚನೆ ಓದಿದ್ಯಾ?"

ಓದಿಲ್ಲ. ಬಂದಾಗಲೆಲ್ಲ ಇಂಟು ಗುರುತು ಒತ್ತಿ ಮುಚ್ಚಿದ್ದಾನೆ.

ಈ ಯಂತ್ರದ ಕಥೆ ಈಗ ಬೆಂಗಳೂರಿನ ಎಷ್ಟೋ ಮನೆಗಳ ಕಥೆ. ಭಾವ 2017ರಲ್ಲಿ ಜೋಡಿಸಿದ್ದು, ಏಳನೇ ತಲೆಮಾರಿನ ಇಂಟೆಲ್ ಐ5. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದು ಹುಡುಗ ವಿಡಿಯೊ ನೋಡಿಕೊಂಡು ಬಯಾಸ್ ಒಳಗೆ ಹೋಗಿ ಟಿಪಿಎಂ ಆನ್ ಮಾಡಿದ, ಸೆಕ್ಯೂರ್ ಬೂಟ್ ಆನ್ ಮಾಡಿದ. ಅಷ್ಟು ಮಾಡಿದ ಮೇಲೆ ಗೊತ್ತಾಗಿದ್ದು, ಪ್ರೊಸೆಸರ್ ಎಂಟನೇ ತಲೆಮಾರಿನದಾದರೂ ಆಗಿರಬೇಕಿತ್ತು ಅಂತ. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಅಕ್ಕ ಒಪ್ಪಲಿಲ್ಲ, ನಾನೂ ಒಪ್ಪುವವನಲ್ಲ. ಸಹಪಾಠಿಯೊಬ್ಬ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಕೊಟ್ಟ. ಕೂಡಿಟ್ಟ ದುಡ್ಡಿನಲ್ಲಿ ಇವನು ಚಿಕ್ಕಪೇಟೆ ಮೆಟ್ರೊ ಇಳಿದು ಎಸ್.ಪಿ. ರೋಡಿಗೆ ನಡೆದು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ತಂದ, ಟೆಸ್ಟಿಂಗ್ ವಾರಂಟಿ ಮಾತ್ರ. ಆಯ್ಕೆ ಮಾತ್ರ ಜಾಣತನದ್ದು. 2019ರ ಕಾರ್ಡ್ ಅದು, 4 ಜಿಬಿ ಮೆಮೊರಿ, ಎಳೆಯುವುದು 75 ವ್ಯಾಟ್; ಹಳೆಯ ಪವರ್ ಸಪ್ಲೈ ಬದಲಿಸದೆ ಸ್ಲಾಟಿಗೆ ಒತ್ತಿ ಕೂರಿಸಿದರೆ ಸಾಕು.

ಈಗ ಟರ್ಮಿನಲ್ ತೆರೆಸುತ್ತೇನೆ. ಕಪ್ಪು ಕಿಟಕಿ ಕಂಡ ಕೂಡಲೇ ಹುಡುಗ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿಯುತ್ತಾನೆ. ಹತ್ತಿರ ಬನ್ನಿ, ನೀವೂ ನೋಡಿ. ಮೊದಲು ಚಿತ್ರ ಬರೆಯುತ್ತಿರುವುದು ಯಾರು ಅಂತ ಕೇಳೋಣ. ಜಿಎಲ್‌ಎಕ್ಸ್ ಇನ್ಫೊ ಅನ್ನುವ ಆಜ್ಞೆಗೆ ಬಂದ ಉತ್ತರದಲ್ಲಿ ರೆಂಡರರ್ ಅನ್ನುವ ಸಾಲು ಹುಡುಕಿ. ಅಲ್ಲಿ ಎನ್‌ವಿಡಿಯಾ ಹೆಸರಿಲ್ಲ; ಎಲ್‌ಎಲ್‌ವಿಎಂಪೈಪ್ ಅಂತಿದೆ. ಅಂದರೆ ಗ್ರಾಫಿಕ್ಸ್ ಕಾರ್ಡ್ ಕೈಕಟ್ಟಿ ಕೂತಿದೆ, ಪರದೆಯ ಒಂದೊಂದು ಚುಕ್ಕೆಯನ್ನೂ ಪ್ರೊಸೆಸರ್ರೇ ಲೆಕ್ಕ ಹಾಕಿ ಬಳಿಯುತ್ತಿದೆ. ಫ್ಯಾನಿನ ಸದ್ದಿಗೆ ಕಾರಣ ಸಿಕ್ಕಿತು. ಆಟ ತೆರೆದರೆ ಒಂದೊಂದೇ ಫೋಟೊ ತೋರಿಸಿದ ಹಾಗೆ ಯಾಕೆ ಬರುತ್ತಿತ್ತು ಅನ್ನುವುದಕ್ಕೂ ಸಿಕ್ಕಿತು.

"ಹಾಗಾದ್ರೆ ಕಾರ್ಡ್ ಸತ್ತಿದೆ ಅಂತ ತಾನೆ?"

ಅದನ್ನೂ ಕೇಳಿಯೇ ಬಿಡೋಣ. ಎಲ್‌ಎಸ್‌ಪಿಸಿಐ, ಒಂದು ಸ್ಪೇಸ್, ಹೈಫನ್, ಕೆ. ಮದರ್‌ಬೋರ್ಡಿನ ಪಿಸಿಐ ಹಾದಿಗೆ ಅಂಟಿದ ಪ್ರತಿ ಸಾಧನವೂ ಸಾಲಾಗಿ ಹೆಸರು ಹೇಳುತ್ತದೆ; ಯಾವ ಡ್ರೈವರ್ ಅದನ್ನು ನಡೆಸುತ್ತಿದೆ ಅಂತಲೂ ಕೆಳಗೆ ಹೇಳುತ್ತದೆ. ನಮ್ಮ ಕಾರ್ಡ್ ಅಲ್ಲಿದೆ, ಹೆಸರು ನಂಬರು ಸಮೇತ. ಅದರಲ್ಲಿ ಎರಡು ಭಾಗ: ಚಿತ್ರದ್ದೊಂದು, ಎಚ್‌ಡಿಎಂಐ ಮೂಲಕ ಸದ್ದು ಕಳಿಸುವುದೊಂದು. ಸದ್ದಿನ ಭಾಗದ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅಂತ ಸಾಲಿದೆ. ಚಿತ್ರದ ಭಾಗದ ಕೆಳಗೆ ಆ ಸಾಲೇ ಇಲ್ಲ. ಇರುವುದು ‘ಕರ್ನಲ್ ಮಾಡ್ಯೂಲ್ಸ್’ ಅನ್ನುವ ಸಾಲು, ಅದರ ಮುಂದೆ ನೂವೊ, ಎನ್‌ವಿಡಿಯಾ ಅಂತ ಹೆಸರುಗಳು. ಕೆಲಸಕ್ಕೆ ಬರಬಲ್ಲವರ ಪಟ್ಟಿ ಇದೆ, ಕೆಲಸದಲ್ಲಿ ಯಾರೂ ಇಲ್ಲ.

ಬೆರಳಿಟ್ಟು ಆ ಎರಡು ಕಡೆ ತೋರಿಸುತ್ತೇನೆ. ಹುಡುಗ ಮೇಲಿನದನ್ನು ಓದುತ್ತಾನೆ, ಕೆಳಗಿನದನ್ನು ಓದುತ್ತಾನೆ, ಮತ್ತೆ ಮೇಲಕ್ಕೆ ಹೋಗುತ್ತಾನೆ. "ಇಲ್ಲಿ ಒಂದು ಲೈನ್ ಕಮ್ಮಿ ಇದೆ" ಅನ್ನುತ್ತಾನೆ. ಹೌದು. ಹೊಸಬರಿಗೆ ಲಿನಕ್ಸ್ ಕಷ್ಟ ಅನ್ನಿಸುವುದು ಇಂಥ ಕಡೆಯೇ: ತಪ್ಪಿನ ಸಾಲು ಕಣ್ಣಿಗೆ ಹೊಡೆಯುತ್ತದೆ, ಇಲ್ಲದ ಸಾಲು ಹೊಡೆಯುವುದಿಲ್ಲ. ಆದರೆ ಯಂತ್ರ ಏನನ್ನೂ ಮುಚ್ಚಿಡುತ್ತಿಲ್ಲ. ಕೇಳಿದರೆ ಹೇಳುತ್ತದೆ, ಹೇಳಿದ್ದನ್ನು ಪೂರ್ತಿ ಓದುವ ವ್ಯವಧಾನ ನಮಗಿರಬೇಕು. ನನ್ನ ಅನುಭವದಲ್ಲಿ ಡ್ರೈವರ್ ತೊಂದರೆ ಬಗೆಹರಿಸುವ ಕೆಲಸದ ಬಹುಪಾಲು ಓದುವುದೇ.

ಈ ಎರಡು ಹೆಸರುಗಳ ಬಗ್ಗೆ ಹೇಳಬೇಕು. ನೂವೊ ಅನ್ನುವುದು ಸ್ವಯಂಸೇವಕರು ಕಟ್ಟಿದ ಡ್ರೈವರ್. ಕಂಪನಿ ವಿವರ ಕೊಡದಿದ್ದ ಕಾಲದಲ್ಲಿ ಕಾರ್ಡಿನ ನಡವಳಿಕೆಯನ್ನೇ ಗಮನಿಸಿ ಗಮನಿಸಿ ಬರೆದದ್ದು. ಅದರ ಹಿಂದಿನ ಶ್ರಮಕ್ಕೆ ನಾನು ಕೈ ಮುಗಿಯುತ್ತೇನೆ. ಮಿಂಟ್ ಹಾಕಿದ ದಿನ ಪರದೆ ಚೆನ್ನಾಗಿಯೇ ಬಂದಿದ್ದರೆ ಅದಕ್ಕೆ ಕಾರಣ ಅದೇ. ಆದರೆ ಈ ಕಾರ್ಡಿನಲ್ಲಿ ಆಟದ ವೇಗ ಬೇಕಿದ್ದರೆ ಎನ್‌ವಿಡಿಯಾದ ಸ್ವಂತ ಡ್ರೈವರ್ ಬೇಕು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲೈನಸ್ ಟೊರ್ವಾಲ್ಡ್ಸ್ ಇದೇ ಕಂಪನಿಯ ಮೇಲೆ ಬಹಿರಂಗವಾಗಿ ಸಿಟ್ಟು ತೋರಿಸಿದ್ದರು. ಹತ್ತು ವರ್ಷದ ನಂತರ, 2022ರ ಮೇ ತಿಂಗಳಲ್ಲಿ, ಕಂಪನಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಮೂಲಸಂಕೇತವನ್ನು ಬಿಡುಗಡೆ ಮಾಡಿತು. ಅದಕ್ಕೇ ಈಗ ಡ್ರೈವರ್ ಪಟ್ಟಿಯಲ್ಲಿ ಕೆಲವು ಹೆಸರುಗಳ ಕೊನೆಗೆ ಓಪನ್ ಅಂತ ಕಾಣುತ್ತದೆ. 1650ಕ್ಕೆ ಓಪನ್ ಅಂತಿರುವುದೂ ಇಲ್ಲದ್ದೂ ಎರಡೂ ನಡೆಯುತ್ತವೆ. ಅದಕ್ಕಿಂತ ಹಿಂದಿನ ತಲೆಮಾರಿನ 1050, 1060 ಇರುವವರು ಓಪನ್ ಆರಿಸಬಾರದು, ಆ ಕಾರ್ಡುಗಳಿಗೆ ಅದು ಹೊಂದುವುದಿಲ್ಲ.

ಎನ್‌ವಿಡಿಯಾ ಡ್ರೈವರ್ ಹಾಕಿದಾಗ ಅದು ನೂವೊವನ್ನು ತಡೆದು ನಿಲ್ಲಿಸುತ್ತದೆ, ಒಂದೇ ಕಾರ್ಡನ್ನು ಇಬ್ಬರು ಹಿಡಿಯುವಂತಿಲ್ಲ. ಇಲ್ಲಿ ಆಗಿರುವುದು ಇಷ್ಟು: ಹುಡುಗ ಅದನ್ನು ಹಾಕಿದ ಮೇಲೆ ನೂವೊ ಹೊರಗೆ ಹೋಗಿದೆ, ಎನ್‌ವಿಡಿಯಾ ಒಳಗೆ ಬಂದಿಲ್ಲ. ಯಾಕೆ ಬಂದಿಲ್ಲ? ಕೈಯಾರೆ ಕರೆದು ನೋಡೋಣ. ಮಾಡ್‌ಪ್ರೋಬ್ ಎನ್‌ವಿಡಿಯಾ, ಎಂಟರ್. ಒಂದೇ ಸಾಲಿನ ಉತ್ತರ. ಹುಡುಗ ಗಟ್ಟಿಯಾಗಿ ಓದುತ್ತಾನೆ: "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್."

"ಯಾವ ಕೀ ಮಾಮ? ನಾನ್ಯಾವ ಕೀನೂ ಹಾಕಿಲ್ವಲ್ಲ?"

"ಡ್ರೈವರ್ ಹಾಕ್ದಾಗ ಪಾಸ್‌ವರ್ಡ್ ಕೇಳ್ತಾ?"

"ಕೇಳ್ತು. ಏನೋ ಒಂದು ಕೊಟ್ಟೆ."

"ಆಮೇಲೆ ರೀಸ್ಟಾರ್ಟ್ ಮಾಡ್ದಾಗ?"

"ನೀಲಿ ಸ್ಕ್ರೀನ್ ಬಂತು. ಹತ್ತರಿಂದ ಕೆಳಗೆ ಎಣಿಸ್ತಿತ್ತು. ವೈರಸ್ ಇರ್ಬೇಕು ಅಂತ ನಾನು ಮುಟ್ಲೇ ಇಲ್ಲ. ಅದಾಗಿ ಅದೇ ಹೋಯ್ತು."

ಗಂಟು ಅಲ್ಲೇ ಇದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ, ತನಗೆ ಪರಿಚಯವಿರುವ ಸಹಿ ಇಲ್ಲದ ಯಾವ ಮಾಡ್ಯೂಲನ್ನೂ ಕರ್ನಲ್ ಒಳಗೆ ಬಿಡುವುದಿಲ್ಲ. ಈ ಡ್ರೈವರ್ ನಿಮ್ಮ ಯಂತ್ರದಲ್ಲೇ, ನಿಮ್ಮ ಕರ್ನಲ್ಲಿಗೆ ತಕ್ಕಂತೆ ಡಿಕೆಎಂಎಸ್ ಅನ್ನುವ ಸಲಕರಣೆಯಿಂದ ಕಂಪೈಲ್ ಆಗುತ್ತದೆ. ಅದಕ್ಕೆ ಹಾಕುವ ಸಹಿಯ ಕೀಲಿಯೂ ನಿಮ್ಮ ಯಂತ್ರದಲ್ಲೇ ಹುಟ್ಟುತ್ತದೆ. ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿಯವರು ರಿಜಿಸ್ಟರಿನಲ್ಲಿ ಹೆಸರಿಲ್ಲದವರನ್ನು ನಿಲ್ಲಿಸಿ, ಮನೆಯವರೇ ಬಂದು ಹೇಳಲಿ ಅನ್ನುತ್ತಾರಲ್ಲ, ಆ ನೀಲಿ ಪರದೆ ಕೇಳಿದ್ದು ಅದನ್ನೇ. ಕೀಬೋರ್ಡಿನ ಮುಂದೆ ಕೂತು, ಹೌದು ಇದು ನನ್ನ ಕೀಲಿ ಅಂತ ಒಪ್ಪಿಗೆ ಕೊಡಬೇಕಿತ್ತು. ಎಲ್ಲೋ ದೂರದಿಂದ ಯಾರೋ ಆ ಒಪ್ಪಿಗೆ ಕೊಡಲು ಸಾಧ್ಯವಾಗಬಾರದು ಅಂತಲೇ ಈ ಏರ್ಪಾಡು.

ಬಯಾಸಿಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಡ್ರೈವರ್ ಬರುತ್ತದೆ. ಬಹಳ ಮಂದಿ ಹಾಗೇ ಮಾಡುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಎರಡು ನಿಮಿಷದಲ್ಲಿ ಕೀಲಿ ಸೇರಿಸುವ ಬಾಗಿಲು ಇರುವಾಗ ಕಾವಲನ್ನೇ ತೆಗೆಯುವುದು ನನಗೆ ಒಗ್ಗುವುದಿಲ್ಲ. ಹುಡುಗನಿಗೂ ಅದು ನಡೆಯುವ ಬಗೆ ಕಾಣಲಿ.

ಮೋಕ್‌ಯುಟಿಲ್ ಅನ್ನುವ ಆಜ್ಞೆಯ ಮೂಲಕ ಕೀಲಿಯನ್ನು ಮತ್ತೆ ಸರದಿಗೆ ಹಾಕುತ್ತೇವೆ. ಒಂದು ಸಲಕ್ಕೆ ಮಾತ್ರ ಬಳಸುವ ಪಾಸ್‌ವರ್ಡ್ ಕೇಳುತ್ತದೆ. ಹುಡುಗ ಟೈಪ್ ಮಾಡುತ್ತಾನೆ, ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿತೆಂದು ಅವನು ನನ್ನ ಮುಖ ನೋಡುತ್ತಾನೆ. ಟರ್ಮಿನಲ್ಲಿನಲ್ಲಿ ಹಾಗೇ, ಹೊಡೆಯುತ್ತಾ ಹೋಗು. ಇನ್ನೊಮ್ಮೆ ಅದನ್ನೇ. ಈಗ ರೀಸ್ಟಾರ್ಟ್.

ಪರದೆ ಕಪ್ಪಾಗಿ, ತಯಾರಕರ ಲಾಂಛನ ಮಿಂಚಿ, ಕಡುನೀಲಿ ತುಂಬಿಕೊಳ್ಳುತ್ತದೆ. ಯಾವುದಾದರೂ ಕೀ ಒತ್ತಿ ಅನ್ನುತ್ತಿದೆ, ಕೆಳಗೆ ಅಂಕಿ ಇಳಿಯುತ್ತಿದೆ. ಒತ್ತು! ಒತ್ತಿದ. ಪಟ್ಟಿ ತೆರೆಯಿತು. ಮೊದಲನೆಯದು ಕಂಟಿನ್ಯೂ ಬೂಟ್. ಆತುರಕ್ಕೆ ಎಂಟರ್ ಒತ್ತಿದರೆ ಮತ್ತೆ ಮೊದಲಿನಿಂದ. ಮೌಸ್ ಇಲ್ಲಿ ನಡೆಯದು, ಬಾಣದ ಕೀಲಿ. ಎನ್‌ರೋಲ್ ಮೋಕ್. ಕಂಟಿನ್ಯೂ. ಸೇರಿಸಲೇ ಅಂತ ಕೇಳುತ್ತದೆ. ಇಲ್ಲೂ ಮೇಲಿರುವುದು ನೋ, ಕೆಳಗಿರುವುದು ಎಸ್. ಪಾಸ್‌ವರ್ಡ್. ರೀಬೂಟ್.

ಅಷ್ಟರಲ್ಲಿ ಕರೆಂಟ್ ಒಮ್ಮೆ ಹೋಗಿ ಬಂತು. ಮೇಜಿನ ಕೆಳಗಿನ ಯುಪಿಎಸ್ ಬೀಪ್ ಅಂದಿತು, ಅಡುಗೆಮನೆಯಿಂದ ಅಕ್ಕ "ಎಲ್ಲಾ ಹೋಯ್ತೇನೋ?" ಅಂದಳು. ಏನೂ ಹೋಗಿಲ್ಲ. ನೋಡಿ, ಲಾಗಿನ್ ಪರದೆಯೇ ಬೇರೆ ಬಂದಿದೆ. ಅಕ್ಷರಗಳು ಸಣ್ಣಗೆ, ತೆಳ್ಳಗೆ, ಅಂಚು ಕೊರೆದ ಹಾಗೆ. 1920ಕ್ಕೆ 1080, ಮಾನಿಟರಿನ ಪೂರ್ತಿ ಅಳತೆ. ಡೆಸ್ಕ್‌ಟಾಪ್ ತೆರೆದುಕೊಂಡ ಮೇಲೆ ಫ್ಯಾನಿನ ಸದ್ದು ಇಳಿಯುತ್ತಾ ಇಳಿಯುತ್ತಾ ರಸ್ತೆಯ ಪೆಂಡಾಲಿನ ಮೈಕ್ ಕೇಳತೊಡಗಿತು. ಹುಡುಗ ಕಿಟಕಿ ಎಳೆದ. ಅದು ಕೈಯ ಜೊತೆಗೇ ಬಂತು.

ನನಗೆ ಹೇಳದೆ ಅವನೇ ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಹೊಡೆದ. ಇಲ್ಲದಿದ್ದ ಸಾಲು ಈಗ ಇದೆ. ಎನ್‌ವಿಡಿಯಾ-ಎಸ್‌ಎಂಐ ಹೊಡೆಸಿದೆ: ಕೋಷ್ಟಕದಲ್ಲಿ ಕಾರ್ಡಿನ ಹೆಸರು, ಡ್ರೈವರಿನ ಆವೃತ್ತಿ, ಶಾಖ, ಎಷ್ಟು ಮೆಮೊರಿ ಬಳಕೆಯಲ್ಲಿದೆ, ಎಲ್ಲ. ಎಸ್.ಪಿ. ರೋಡಿನ ಅಂಗಡಿಯವರು ಸರಿಯಾದ ಮಾಲನ್ನೇ ಕೊಟ್ಟಿದ್ದಾರೆ.

ನಮ್ಮ ತಲೆಮಾರಿನವರಿಗೆ ಈ ಗಳಿಗೆಯ ಸುಖ ಗೊತ್ತು. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಬಂತು, ಅದರ ಹಿಂದೆ ಇದ್ದವರು ಇದೇ ಬೆಂಗಳೂರಿನ ಅತುಲ್ ಚಿಟ್ನಿಸ್. ಆ ಕಾಲದಲ್ಲಿ ಮಾನಿಟರಿನ ಜೊತೆ ಬಂದ ಪುಸ್ತಕ ತೆರೆದಿಟ್ಟುಕೊಂಡು ಅಡ್ಡ ಆವರ್ತನ ಎಷ್ಟು, ಉದ್ದ ಆವರ್ತನ ಎಷ್ಟು ಅಂತ ಕಡತದಲ್ಲಿ ಕೈಯಾರೆ ಬರೆಯಬೇಕಿತ್ತು. ಅಂಕಿ ತಪ್ಪಿದರೆ ಮಾನಿಟರ್ ಸುಡಬಹುದು ಅಂತ ಎಚ್ಚರಿಕೆ ಬೇರೆ. 2001ರಿಂದ ಊರಿನಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ನಡೆಯಿತು, ಅದೇ ಮುಂದೆ ಫಾಸ್ ಡಾಟ್ ಇನ್ ಆಯಿತು. ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಆಗ ಕಲಿತವರು ಒಬ್ಬರಿಗೊಬ್ಬರು ಹೀಗೇ ಪಕ್ಕದಲ್ಲಿ ಕೂತು ತೋರಿಸಿಕೊಟ್ಟು ಕಲಿತದ್ದು.

ಸರಿ, ಆಟ. ಹುಡುಗ ಆರಿಸಿಟ್ಟಿರುವುದು ರಾಜಿ, ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದದ್ದು, ಕಳೆದುಹೋದ ತಮ್ಮನನ್ನು ಹುಡುಕುವ ಅಕ್ಕನ ಕಥೆ. ವಿಂಡೋಸಿಗೆ ಮಾಡಿದ ಆಟ ಇಲ್ಲಿ ನಡೆಯುವುದು ಪ್ರೋಟಾನ್ ಇರುವುದರಿಂದ. ವಾಲ್ವ್ ಕಂಪನಿ 2018ರ ಆಗಸ್ಟಿನಲ್ಲಿ ಅದನ್ನು ತನ್ನ ಆಟದಂಗಡಿ ಸ್ಟೀಮ್ ಒಳಗೆ ಸೇರಿಸಿತು. ಅದರೊಳಗಿನ ಡಿಎಕ್ಸ್‌ವಿಕೆ ಅನ್ನುವ ಪದರ ವಿಂಡೋಸಿನ ಡೈರೆಕ್ಟ್‌ಎಕ್ಸ್ ಮಾತನ್ನು ವಲ್ಕನ್ ಮಾತಿಗೆ ತಿರುಗಿಸುತ್ತದೆ, ವಲ್ಕನ್ ಮಾತು ಡ್ರೈವರಿಗೆ ಹೋಗುತ್ತದೆ. ಫಿಲಿಪ್ ರೆಬೋಲೆ ಅನ್ನುವವರು ತಮಗೆ ಇಷ್ಟದ ಒಂದು ಆಟವನ್ನು ಲಿನಕ್ಸಿನಲ್ಲಿ ಆಡಬೇಕು ಅಂತ ಆ ಪದರ ಬರೆಯಲು ಕೂತರು. ಇವತ್ತು ಪ್ರಪಂಚದ ಸಾವಿರಾರು ಆಟ ಅದರ ಮೇಲೆ ನಿಂತಿವೆ. 

ಪ್ಲೇ ಒತ್ತಿದ. ಗುಂಡಿ ಸ್ಟಾಪ್ ಅಂತ ಬದಲಾಯಿತು, ಎರಡು ಉಸಿರಿನಲ್ಲಿ ಮತ್ತೆ ಪ್ಲೇ ಆಯಿತು. ಆಟ ಬರಲಿಲ್ಲ. ಮತ್ತೆ ಒತ್ತಿದ, ಮತ್ತೆ ಅದೇ.

"ಡ್ರೈವರ್ ಇನ್ನೂ ಸರಿ ಇಲ್ಲ ಮಾಮ. ತೆಗ್ದು ಬೇರೆ ವರ್ಷನ್ ಹಾಕ್ಲಾ?"

ಇಲ್ಲಿ ಕೈ ತಡೆಯಬೇಕು. ಕೆಲಸ ಮಾಡುತ್ತಿರುವ ಡ್ರೈವರನ್ನು ಅನುಮಾನದ ಮೇಲೆ ಕಿತ್ತು ಇನ್ನೊಂದು ಹಾಕಿ, ಅದನ್ನೂ ಕಿತ್ತು ಮತ್ತೊಂದು ಹಾಕಿ, ಎರಡರ ಚೂರುಗಳೂ ಉಳಿದು, ಕೊನೆಗೆ ಇಡೀ ಸಿಸ್ಟಮ್ಮನ್ನೇ ಮತ್ತೆ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಮೊದಲು ಕೇಳು. ವಲ್ಕನ್ ಇನ್ಫೊ ಹೊಡೆದರೆ ಕಾರ್ಡಿನ ಹೆಸರೇ ಬರುತ್ತದೆ, ಡ್ರೈವರ್ ನೆಟ್ಟಗಿದೆ. ಹಾಗಾದರೆ ಸ್ಟೀಮನ್ನೇ ಟರ್ಮಿನಲ್ಲಿನಿಂದ ತೆರೆ, ಪ್ಲೇ ಒತ್ತು, ಸಾಲುಗಳು ಓಡುವುದನ್ನು ನೋಡು.

ಓಡುತ್ತವೆ. ಹುಡುಗ ಈ ಸಲ ಮೇಲಕ್ಕೆ ಸರಿಸಿ ಸರಿಸಿ ಓದುತ್ತಾನೆ. ಒಂದು ಕಡೆ ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಅಂತಿದೆ, ಪಕ್ಕದಲ್ಲಿ ಫೋಲ್ಡರುಗಳ ಉದ್ದನೆಯ ದಾರಿ, ದಾರಿಯ ತುದಿಯಲ್ಲಿ ಸಿ ಅಕ್ಷರ, ಅದರ ಮುಂದೆ ಕೋಲನ್. ಉತ್ತರ ಸಿಕ್ಕಿತು. ಜಾಗ ಉಳಿಸಲು ಇವನು ಆಟವನ್ನು ಹಳೆಯ ಡಿ ಡ್ರೈವಿಗೆ ಇಳಿಸಿದ್ದಾನೆ. ಅದು ವಿಂಡೋಸ್ ಕಾಲದ ಎನ್‌ಟಿಎಫ್‌ಎಸ್ ಡ್ರೈವು. ಪ್ರೋಟಾನ್ ಪ್ರತಿ ಆಟಕ್ಕೂ ಪುಟ್ಟದೊಂದು ವಿಂಡೋಸ್ ಮನೆ ಕಟ್ಟುವಾಗ ಕೋಲನ್ ಇರುವ ಹೆಸರಿನ ಕೊಂಡಿಗಳನ್ನು ಮಾಡುತ್ತದೆ. ವಿಂಡೋಸಿನ ನಿಯಮದಲ್ಲಿ ಕಡತದ ಹೆಸರಿನೊಳಗೆ ಕೋಲನ್ ಸಲ್ಲದು, ಡ್ರೈವ್ ಒಪ್ಪಲಿಲ್ಲ. ಡ್ರೈವರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಸ್ಟೀಮಿನ ಸ್ಟೋರೇಜ್ ಪುಟದಲ್ಲಿ ಆಟವನ್ನು ಲಿನಕ್ಸ್ ಇರುವ ಡಿಸ್ಕಿಗೆ ಸಾಗಿಸಲು ಹಾಕಿ ಊಟಕ್ಕೆ ಎದ್ದೆವು. ಅಕ್ಕ ಅವರೆಕಾಳಿನ ಸಾರು ಮಾಡಿದ್ದಳು. ಭಾವನದು ಒಂದೇ ಚಿಂತೆ: ಸಂಘದ ಪತ್ರಗಳನ್ನೆಲ್ಲ ನುಡಿಯಲ್ಲಿ ಟೈಪ್ ಮಾಡುವವರು ಅವರು, ಇನ್ನು ಮುಂದೆ ಹೇಗೆ? ಲಿನಕ್ಸಿನಲ್ಲಿ ಐಬಸ್ ಮೂಲಕ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ, ಬೆರಳಿಗೆ ಹೊಸ ಅಭ್ಯಾಸ ಬೇಡ ಅಂತ ಹೇಳಿದೆ. "ಮೊದಲೇ ಹೇಳ್ಬಾರ್ದಾ" ಅಂತ ಎರಡನೇ ಸಲ ಸಾರು ಬಡಿಸಿಕೊಂಡರು.

ಊಟ ಮುಗಿಸಿ ಬಂದರೆ ಸಾಗಣೆ ಮುಗಿದಿದೆ. ಪ್ಲೇ. ಈಗ ಸಣ್ಣ ಕಿಟಕಿ, ವಲ್ಕನ್ ಶೇಡರುಗಳನ್ನು ಸಿದ್ಧಪಡಿಸುತ್ತಿದ್ದೇನೆ ಅನ್ನುತ್ತಿದೆ, ಶೇಕಡಾವಾರು ಮೆಲ್ಲಗೆ ಏರುತ್ತಿದೆ. ಪಕ್ಕದಲ್ಲಿ ಸ್ಕಿಪ್ ಗುಂಡಿ. ಬಿಡು, ಮುಗಿಯಲಿ, ಈ ಕಾರ್ಡ್‌ಗೆ, ಈ ಡ್ರೈವರಿಗೆ ತಕ್ಕಂತೆ ಬೆಳಕು–ನೆರಳಿನ ಲೆಕ್ಕದ ತುಣುಕುಗಳನ್ನು ಈಗಲೇ ಕಂಪೈಲ್ ಮಾಡಿಟ್ಟರೆ ಆಟದ ನಡುವೆ ಎಡವುವುದು ಕಡಿಮೆಯಾಗುತ್ತದೆ. ಕಾದೆವು. ಪರದೆ ಒಮ್ಮೆ ಕಪ್ಪಾಯಿತು. ಕೋಟೆಯ ಗೋಡೆ ಮೂಡಿತು, ಕಂಬಗಳು, ಪಂಜಿನ ಬೆಳಕು. ರಾಜಿ ಓಡಿದಳು, ಗೋಡೆಯ ಮೇಲೆ ಹತ್ತು ಹೆಜ್ಜೆ ನಡೆದು ಆಚೆ ಧುಮುಕಿದಳು. ಎಲ್ಲೂ ತಡೆಯಲಿಲ್ಲ. ಹುಡುಗ ಮಾತಾಡುತ್ತಿಲ್ಲ. ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತ ಅಕ್ಕ, "ಇದು ಆ ಹಳೇ ಕಂಪ್ಯೂಟರ್ರೇನಾ?" ಅಂದಳು.

ಎಲ್ಲ ಆಟವೂ ಹೀಗೆ ಬರುವುದಿಲ್ಲ, ಅದನ್ನು ಇವತ್ತೇ ಹೇಳಿಬಿಡುವುದು ಒಳ್ಳೆಯದು. ಗೆಳೆಯರೆಲ್ಲ ಆಡುವ ವ್ಯಾಲೊರಂಟ್ ಲಿನಕ್ಸಿನಲ್ಲಿ ನಡೆಯುವುದಿಲ್ಲ. ಅದರ ಮೋಸತಡೆ ತಂತ್ರಾಂಶ ವಿಂಡೋಸಿನ ಕರ್ನಲ್ಲಿನೊಳಗೇ ಕೂರುವಂಥದ್ದು. ಯಾವ ಡ್ರೈವರ್ ಬದಲಿಸಿದರೂ ಪ್ರಯೋಜನವಿಲ್ಲ, ಅದಕ್ಕಾಗಿ ರಾತ್ರಿ ಹಾಳು ಮಾಡಿಕೊಳ್ಳಬೇಡ. ಕೌಂಟರ್-ಸ್ಟ್ರೈಕ್ 2 ಮಾತ್ರ ಲಿನಕ್ಸಿಗೇ ಮಾಡಿದ ರೂಪದಲ್ಲಿ ಸಿಗುತ್ತದೆ. ಹುಡುಗನ ಮುಖ ಸ್ವಲ್ಪ ಇಳಿಯಿತು, ನಿಜ.

ಹೊರಡುವ ಮುಂಚೆ ಕೆಳಗಿನ ಪಟ್ಟಿಯಲ್ಲಿ ಅಪ್‌ಡೇಟ್ ಮ್ಯಾನೇಜರಿನ ಗುರಾಣಿ ಚಿತ್ರಕ್ಕೆ ಚುಕ್ಕೆ ಬಂದಿತ್ತು. ತೆರೆದರೆ ಹೊಸ ಕರ್ನಲ್. ಹುಡುಗ ಮೌಸಿನಿಂದ ಕೈ ತೆಗೆದ. "ಬೇಡ ಮಾಮ, ಈಗಷ್ಟೇ ಸರಿ ಹೋಗಿದೆ." ಹೆದರಿಕೊಂಡು ಅಪ್‌ಡೇಟ್ ಬಿಟ್ಟರೆ ಭದ್ರತೆಯ ತೇಪೆಗಳೂ ತಪ್ಪುತ್ತವೆ. ಅದರ ಬದಲು ಮೊದಲು ಟೈಮ್‌ಶಿಫ್ಟ್ ಅನ್ನುವ ಸಲಕರಣೆಯಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆ. ಹಳೆಯ ಕರ್ನಲ್ ಎಲ್ಲೂ ಹೋಗುವುದಿಲ್ಲ. ಹೊಸದರಲ್ಲಿ ಪರದೆ ಬರದಿದ್ದರೆ ಯಂತ್ರ ಶುರುವಾಗುವಾಗಿನ ಗ್ರಬ್ ಪಟ್ಟಿಯ ಅಡ್ವಾನ್ಸ್‌ಡ್ ಆಯ್ಕೆಯೊಳಗೆ ಹೋಗಿ ಹಳೆಯದನ್ನು ಆರಿಸಿದರೆ ಇವತ್ತಿನ ಸ್ಥಿತಿಗೇ ಬರುತ್ತೀಯ. ಸ್ನ್ಯಾಪ್‌ಶಾಟ್ ತೆಗೆದ, ಇನ್‌ಸ್ಟಾಲ್ ಒತ್ತಿದ. ವಿವರ ತೋರಿಸುವ ಬಾಣವನ್ನು ಅವನೇ ಬಿಚ್ಚಿಕೊಂಡ. ಡಿಕೆಎಂಎಸ್ ಹೊಸ ಕರ್ನಲ್ಲಿಗೆ ಎನ್‌ವಿಡಿಯಾ ಮಾಡ್ಯೂಲನ್ನು ಕಂಪೈಲ್ ಮಾಡುತ್ತಿದೆ, ಸಹಿ ಹಾಕುತ್ತಿದೆ. "ಅದೇ ಕೀಲಿಯಲ್ಲಾ ಮಾಮ?" "ಅದೇ."

ರೀಸ್ಟಾರ್ಟ್ ಆಯಿತು. ನೀಲಿ ಪರದೆ ಕೇಳಲಿಲ್ಲ, ಕೀಲಿ ಆಗಲೇ ಒಪ್ಪಿಗೆಯಾಗಿತ್ತು. ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗಿನಿಂದ ಗೆಳೆಯನ ಜೊತೆ ಫೋನಿನಲ್ಲಿ ಮಾತು ಕೇಳುತ್ತಿತ್ತು, ಕಾಮಾಕ್ಷಿಪಾಳ್ಯದ ಹುಡುಗ, ಅವನದೂ ಕಾರ್ಡ್ ಸತ್ತಿದೆಯಂತೆ: "ಕಾರ್ಡ್ ಬಿಡೋ. ಎಲ್‌ಎಸ್‌ಪಿಸಿಐ ಹೊಡಿ, ಏನ್ ಬಂತು ಪೂರ್ತಿ ಓದು. ಮಧ್ಯದ್ದು ಬಿಡ್ಬೇಡ."